ಕಂಠೀರವದ ಅಂತಿಮ ಪಂದ್ಯ, ಹಿಂಗಾರಿಯ ಹಸಿ

ಹಲವು ತಂಡಗಳು ಕೂಡಿ ಆಡುವ ಪಂದ್ಯಾವಳಿಯಲ್ಲಿ ಉಳಿದವರೆಲ್ಲ ಸೋತು ಹೊರಬಿದ್ದ ಮೇಲೆ ಕೊನೆಗೆ ಉಳಿಯುವ ಎರಡು ತಂಡಗಳು ಪ್ರಶಸ್ತಿಗಾಗಿ ಎದುರಾಗುವ ಆಟಕ್ಕೆ ಅಂತಿಮ ಪಂದ್ಯ, ಆಡುಮಾತಿನಲ್ಲಿ ಫೈನಲ್, ಎಂದು ಹೆಸರು. ಅಂತಹ ಒಂದು ಅಂತರರಾಷ್ಟ್ರೀಯ ಅಂತಿಮ ಪಂದ್ಯ 2023ರ ಜುಲೈ 4ರಂದು ಕರ್ನಾಟಕದ ರಾಜಧಾನಿಯಲ್ಲಿಯೇ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಸ್ಯಾಫ್ ಚಾಂಪಿಯನ್‌ಷಿಪ್ ಎಂಬ ಪುರುಷರ ಫುಟ್‌ಬಾಲ್ ಪಂದ್ಯಾವಳಿಯ ಆ ಫೈನಲ್‌ನಲ್ಲಿ ಭಾರತ ಮತ್ತು ಕುವೈತ್ ತಂಡಗಳು ನೂರಿಪ್ಪತ್ತು ನಿಮಿಷ ಆಡಿದರೂ 1–1ರಲ್ಲಿ ಸಮವಾಗಿಯೇ ಉಳಿದು, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಭಾರತ 5–4ರಿಂದ ಗೆದ್ದು ಒಂಬತ್ತನೆಯ ಸಲ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಇಷ್ಟನ್ನೇ ಕೇಳಿದವರಿಗೆ ಗೆಲುವು ಗೋಲ್‌ಕೀಪರ್ ಒಬ್ಬನ ಅದೃಷ್ಟವೆಂದು ತೋರಬಹುದು. ಆದರೆ ಆ ಗೆಲುವು ತಿಂಗಳುಗಟ್ಟಲೆ ಮೊದಲೇ ಕೂಡಿಟ್ಟ ಬಲದಿಂದ ಬಂದದ್ದೆಂಬುದನ್ನು ತಂಡ ನಡೆದುಬಂದ ಹಾದಿಯೇ ಸಾರುತ್ತದೆ.

ಕೂಡಿಟ್ಟ ಬಲದಿಂದ ಫಲ ಬರುವ ಬಗೆಯನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಒಕ್ಕಲುತನ ಚೆನ್ನಾಗಿ ಬಲ್ಲದು. ಈ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವನ್ನು ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದ ಹೊತ್ತಿಗೆ, ಉತ್ತರಿ ಮತ್ತು ಹಸ್ತ ಮಳೆಗಳ ಸುಮಾರಿಗೆ. ಬಿತ್ತಿದ ಮೇಲೆ ಮಳೆ ಬಂದೀತು, ಬಾರದೆಯೂ ಹೋದೀತು. ಆದರೂ ನೆಲ ಮೊದಲೇ ಕುಡಿದಿಟ್ಟುಕೊಂಡ ಹಸಿಯನ್ನೇ, ಅಂದರೆ ಮಣ್ಣಿನೊಳಗಿನ ತೇವವನ್ನೇ, ನಂಬಿಕೊಂಡು ಪೈರು ಚಳಿಗಾಲದಲ್ಲಿ ತೆನೆ ಹಿಡಿಯುತ್ತದೆ. ಆ ಹಸಿ ತಾನಾಗಿಯೇ ಉಳಿಯುವುದಿಲ್ಲ. ಮಳೆನೀರು ಹರಿದುಹೋಗದಂತೆ ಹೊಲದಲ್ಲಿ ಚೌಕುಮಡಿ ಕಟ್ಟಬೇಕು, ಕುಂಟೆ ಹೊಡೆದು ಹರಗಬೇಕು, ಪೈರು ಎದ್ದ ಮೇಲೆ ಎಡೆ ಹೊಡೆದು ನೆಲದ ಬಿರುಕು ಮುಚ್ಚಬೇಕು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಮಾತು ಡೋಣಿ ಹೊಳೆಯ ದಂಡೆಯ ಎರೆಗಿರುವ ಈ ಗುಣವನ್ನೇ ಕೊಂಡಾಡುತ್ತದೆ. ಫುಟ್‌ಬಾಲಿನ ಅಂತಿಮ ಪಂದ್ಯವೂ ಹಿಂಗಾರಿ ಬೆಳೆಯ ಜಾತಿಗೆ ಸೇರಿದ್ದು. ಅಲ್ಲಿ ಹೊಸ ಮಳೆಗೆ ಕಾಯುವ ಅವಕಾಶವಿಲ್ಲ, ಇದ್ದ ಹಸಿಯಲ್ಲಿಯೇ ಕಾಳು ಕಟ್ಟಬೇಕು.

ಸ್ಯಾಫ್ ಎಂಬುದು ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಚಿಕ್ಕ ಹೆಸರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ ಮತ್ತು ಮಾಲ್ದೀವ್ಸ್ ಅದರ ಸದಸ್ಯ ದೇಶಗಳು. 1993ರಲ್ಲಿ ಲಾಹೋರಿನಲ್ಲಿ ಮೊದಲ ಸಲ ನಡೆದ ಈ ಪಂದ್ಯಾವಳಿಯ ಹದಿನಾಲ್ಕನೆಯ ಆವೃತ್ತಿ ಬೆಂಗಳೂರಿಗೆ ಬಂದಾಗ, ಶ್ರೀಲಂಕಾದ ಫುಟ್‌ಬಾಲ್ ಸಂಸ್ಥೆಯನ್ನು ಜಾಗತಿಕ ಸಂಸ್ಥೆಯಾದ ಫಿಫಾ ಅಮಾನತಿನಲ್ಲಿಟ್ಟಿದ್ದುದರಿಂದ ಆ ದೇಶದ ತಂಡ ಬರಲಿಲ್ಲ. ಪಶ್ಚಿಮ ಏಷ್ಯಾದ ಕುವೈತ್ ಮತ್ತು ಲೆಬನಾನ್ ಅತಿಥಿ ತಂಡಗಳಾಗಿ ಬಂದವು. ಕುವೈತ್ 1980ರಲ್ಲಿ ಏಷ್ಯಾ ಕಪ್ ಗೆದ್ದು 1982ರಲ್ಲಿ ವಿಶ್ವಕಪ್ ಆಡಿದ ದೇಶವಾದ್ದರಿಂದ, ಈ ಅತಿಥಿಗಳ ಬರವಿನಿಂದ ಪಂದ್ಯಾವಳಿ ಹಿಂದಿನ ಆವೃತ್ತಿಗಳಿಗಿಂತ ಬಿಗಿಯಾಯಿತು. ಎಂಟು ತಂಡಗಳನ್ನು ನಾಲ್ಕು ನಾಲ್ಕರ ಎರಡು ಗುಂಪುಗಳಾಗಿ ವಿಂಗಡಿಸಿ, ಗುಂಪಿನೊಳಗೆ ಪ್ರತಿಯೊಂದು ತಂಡವೂ ಉಳಿದ ಮೂರರೊಡನೆ ಒಮ್ಮೊಮ್ಮೆ ಆಡುವಂತೆ ಏರ್ಪಡಿಸಲಾಯಿತು. ಇದನ್ನು ಲೀಗ್ ಹಂತ ಎನ್ನುತ್ತಾರೆ. ಪ್ರತಿ ಗುಂಪಿನ ಮೊದಲೆರಡು ತಂಡಗಳು ಸೋತವರು ಅಲ್ಲಿಗೇ ಮನೆಗೆ ಮರಳಬೇಕಾದ ನಾಕೌಟ್ ಹಂತಕ್ಕೆ ಏರಿದವು. ಹೀಗೆ ಲೀಗ್‌ನ ಹನ್ನೆರಡು, ಸೆಮಿಫೈನಲ್ ಎರಡು ಮತ್ತು ಫೈನಲ್ ಒಂದು, ಒಟ್ಟು ಹದಿನೈದು ಪಂದ್ಯಗಳು ಜೂನ್ 21ರಿಂದ ಜುಲೈ 4ರ ವರೆಗೆ ಎರಡೇ ವಾರಗಳಲ್ಲಿ ನಡೆದುಹೋದವು.

ಭಾರತ ತಂಡದ ಹಸಿ ಕೂಡಿದ್ದು ಬೆಂಗಳೂರಿಗೆ ಬರುವ ಮೊದಲು. ಅದೇ ವರ್ಷದ ಮಾರ್ಚ್‌ನಲ್ಲಿ ಮಣಿಪುರದ ಇಂಫಾಲದಲ್ಲಿ ಮ್ಯಾನ್ಮಾರ್ ಮತ್ತು ಕಿರ್ಗಿಜ್ ತಂಡಗಳನ್ನು ಸೋಲಿಸಿ ಮೂರು ದೇಶಗಳ ಪಂದ್ಯಾವಳಿಯನ್ನು ಗೆದ್ದ ತಂಡ, ಜೂನ್ 18ರಂದು ಒಡಿಶಾದ ಭುವನೇಶ್ವರದಲ್ಲಿ ಲೆಬನಾನ್ ತಂಡವನ್ನು 2–0ರಿಂದ ಮಣಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಪಡೆದು, ಮೂರೇ ದಿನಗಳಲ್ಲಿ ಬೆಂಗಳೂರಿನ ಅಂಗಳಕ್ಕಿಳಿಯಿತು. ಜೂನ್ 21ರಂದು ಪಾಕಿಸ್ತಾನದ ವಿರುದ್ಧ 4–0, 24ರಂದು ನೇಪಾಳದ ವಿರುದ್ಧ 2–0 ಗೆಲುವು ಬಂದಾಗ ಇಂಫಾಲದಿಂದ ಎಣಿಸಿದರೆ ಸತತ ಎಂಟು ಪಂದ್ಯಗಳಲ್ಲಿ ಭಾರತದ ಗೋಲಿಗೆ ಒಂದೂ ಚೆಂಡು ಹೋಗಿರಲಿಲ್ಲ. ಗೋಲು ಹೊಡೆಯುವುದರಲ್ಲಿ ನಾಯಕ ಸುನಿಲ್ ಛೇತ್ರಿಯ ಹೆಸರೇ ಮುಂದಿದ್ದು, ಪಾಕಿಸ್ತಾನದ ವಿರುದ್ಧ ಮೂರು ಗೋಲುಗಳ ಹ್ಯಾಟ್ರಿಕ್ ಸೇರಿ ಅವರು ಐದು ಗೋಲು ಹೊಡೆದು ಪಂದ್ಯಾವಳಿಯ ಅತಿ ಹೆಚ್ಚು ಗೋಲುಗಳ ಆಟಗಾರರೆನಿಸಿದರು. ಆದರೆ ಎಂಟು ಪಂದ್ಯಗಳಲ್ಲಿ ಗೋಲು ಬಿಟ್ಟುಕೊಡದಿರುವುದು ಒಬ್ಬ ನಾಯಕನಿಂದ ಆಗುವ ಕೆಲಸವಲ್ಲ. ಒಂದೇ ಗುಂಪಿನ ಆಟಗಾರರು ಮತ್ತೆ ಮತ್ತೆ ಜೊತೆಯಾಗಿ ಆಡಿ ಒಬ್ಬರ ನಡೆಯನ್ನು ಇನ್ನೊಬ್ಬರು ನೋಡದೆಯೇ ತಿಳಿಯುವಷ್ಟು ಹೊಂದಿಕೊಂಡಾಗ ಮಾತ್ರ ಅದು ಸಾಧ್ಯವಾಗುತ್ತದೆ.

ಕೂಡಿಟ್ಟ ಆ ಬಲದ ಪರೀಕ್ಷೆ ಫೈನಲ್‌ಗಿಂತ ಒಂದು ವಾರ ಮೊದಲೇ ಆರಂಭವಾಯಿತು. ಜೂನ್ 27ರಂದು ಇದೇ ಕುವೈತ್ ವಿರುದ್ಧ ನಡೆದ ಲೀಗ್ ಪಂದ್ಯದಲ್ಲಿ 1–0ರಿಂದ ಮುಂದಿದ್ದ ಭಾರತ, ಕೊನೆಯ ಗಳಿಗೆಯಲ್ಲಿ ತನ್ನದೇ ರಕ್ಷಣಾ ಆಟಗಾರನ ಕಾಲಿಗೆ ತಗುಲಿದ ಚೆಂಡು ಗೋಲಿನೊಳಗೆ ಹೋಗಿ 1–1ಕ್ಕೆ ತೃಪ್ತಿಪಡಬೇಕಾಯಿತು. ತನ್ನ ತಂಡದ ಗೋಲಿಗೆ ತಾನೇ ಚೆಂಡು ಕಳಿಸಿದಂತಾಗುವ ಇದನ್ನು ಸ್ವಂತ ಗೋಲು ಎನ್ನುತ್ತಾರೆ. ಎರಡೂ ತಂಡಗಳಿಗೆ ಏಳೇಳು ಅಂಕ ದೊರೆತರೂ ಹೆಚ್ಚು ಗೋಲು ಹೊಡೆದ ಕುವೈತ್ ಗುಂಪಿನಲ್ಲಿ ಮೊದಲನೆಯದಾಯಿತು. ಪಾಕಿಸ್ತಾನದ ವಿರುದ್ಧ ಒಮ್ಮೆ, ಈ ಪಂದ್ಯದಲ್ಲಿ ಮತ್ತೊಮ್ಮೆ, ಹೀಗೆ ಪಂದ್ಯಾವಳಿಯಲ್ಲಿ ಎರಡು ಸಲ ಕೆಂಪು ಚೀಟಿ ಕಂಡ ಮುಖ್ಯ ತರಬೇತುದಾರ ಇಗೋರ್ ಸ್ಟಿಮಾಚ್ ಅವರಿಗೆ ಸೆಮಿಫೈನಲ್ ಮತ್ತು ಫೈನಲ್ ವೇಳೆ ತಂಡದ ಬಳಿ ನಿಲ್ಲುವ ಅವಕಾಶವೂ ತಪ್ಪಿ, ಹಿಂದೆ ಭಾರತದ ರಕ್ಷಣಾ ಆಟಗಾರರಾಗಿದ್ದ ಸಹಾಯಕ ತರಬೇತುದಾರ ಮಹೇಶ್ ಗವಳಿ ಆ ಹೊಣೆ ಹೊತ್ತರು. ಜುಲೈ 1ರಂದು ಲೆಬನಾನ್ ವಿರುದ್ಧದ ಸೆಮಿಫೈನಲ್ ಗೋಲೇ ಇಲ್ಲದೆ ಮುಗಿದು ಪೆನಾಲ್ಟಿ ಒದೆತಗಳಿಗೆ ಹೋದಾಗ, ಎದುರಾಳಿ ನಾಯಕ ಹಸನ್ ಮಾತೂಕ್ ಒದ್ದ ಮೊದಲ ಚೆಂಡನ್ನೇ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದು 4–2ರ ಗೆಲುವಿಗೆ ದಾರಿ ಮಾಡಿದರು. ಮೂರು ದಿನಗಳ ಬಳಿಕ ಬೇಕಾಗಲಿದ್ದ ಹಸಿಯ ಕೊನೆಯ ಪದರು ಆ ರಾತ್ರಿ ನೆಲಕ್ಕಿಳಿಯಿತು.

ಫೈನಲ್‌ನ ಹದಿನಾಲ್ಕನೆಯ ನಿಮಿಷದಲ್ಲಿ ಕುವೈತ್‌ನ ಶಬೀಬ್ ಅಲ್ ಖಾಲ್ದಿ ಗೋಲು ಹೊಡೆದಾಗ ತುಂಬಿದ ಕ್ರೀಡಾಂಗಣ ಒಮ್ಮೆಲೇ ಮೌನವಾಯಿತು. ಆ ಬಳಿಕ ಭಾರತ ಆಡಿದ ಆಟವನ್ನು ಅರಿಯಬೇಕಾದರೆ ಅಂಗಳದ ಅಳತೆಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಕೆಯಲ್ಲಿರುವ 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಗಳ ಹೊಲದ ಲೆಕ್ಕದಲ್ಲಿ ಸುಮಾರು ಒಂದು ಎಕರೆ ಮೂವತ್ತು ಗುಂಟೆಯಾಗುತ್ತದೆ. ಅಷ್ಟು ಜಾಗದಲ್ಲಿ ಇಪ್ಪತ್ತೆರಡು ಆಟಗಾರರಿಗೆ ಇರುವುದು ಒಂದೇ ಚೆಂಡು. ತೊಂಬತ್ತು ನಿಮಿಷಗಳನ್ನು ಸಮನಾಗಿ ಹಂಚಿದರೆ ಒಬ್ಬನ ಪಾಲಿಗೆ ಚೆಂಡು ನಾಲ್ಕು ನಿಮಿಷ ಮಾತ್ರ ಬರುತ್ತದೆ. ಚೆಂಡು ಗೆರೆಯಾಚೆ ಹೋದ, ಆಟ ನಿಂತ ಹೊತ್ತನ್ನು ಕಳೆದರೆ ಅದೂ ಉಳಿಯುವುದಿಲ್ಲ. ಉಳಿದ ಎಂಬತ್ತಾರು ನಿಮಿಷ ಆಟಗಾರ ಮಾಡುವ ಕೆಲಸ, ಎದುರಾಳಿಯನ್ನು ತನ್ನತ್ತ ಸೆಳೆದು ಜೊತೆಗಾರನಿಗೆ ಜಾಗ ಬಿಡಿಸಿಕೊಡುವುದು, ಬಿಟ್ಟುಹೋದ ಜಾಗವನ್ನು ಓಡಿ ತುಂಬುವುದು, ಚೆಂಡು ಬರುವ ಮೊದಲೇ ಅದು ಬರಬೇಕಾದ ಕಡೆಗೆ ಹೋಗಿ ನಿಲ್ಲುವುದು. ಬಾನುಲಿಯ ವೀಕ್ಷಕ ವಿವರಣೆ ಚೆಂಡಿನ ಬೆನ್ನು ಹತ್ತಿಯೇ ಓಡಬೇಕಾದ್ದರಿಂದ ಈ ಕೆಲಸ ಕೇಳುಗರ ಕಿವಿಗೆ ಬೀಳುವುದು ವಿರಳ. ಆದರೆ ಕಬಡ್ಡಿ ಆಡಿ ಬೆಳೆದ ಈ ಸೀಮೆಯವರಿಗೆ ಇದು ಹೊಸದೇನಲ್ಲ. ಒಳನುಗ್ಗಿದ ಆಟಗಾರನ ಕಾಲನ್ನು ಹಿಡಿಯುವವನು ಒಬ್ಬನಾದರೂ, ಕೈ ಕೈ ಹಿಡಿದು ಸರಪಳಿಯಾಗಿ ಸುತ್ತುವರಿದು ಮಧ್ಯಗೆರೆಯ ದಾರಿ ಮುಚ್ಚಿದವರ ಬಲವಿಲ್ಲದೆ ಆ ಹಿಡಿತ ನಿಲ್ಲದು ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಮೂವತ್ತೆಂಟನೆಯ ನಿಮಿಷದಲ್ಲಿ ಬಂದ ಭಾರತದ ಗೋಲು ಇಂತಹ ಸರಪಳಿಯ ಫಲ. ಎದುರಾಳಿಗಳ ಕಣ್ಣು ಛೇತ್ರಿಯ ಮೇಲೆ ನೆಟ್ಟಿದ್ದಾಗ ಅವರಿಂದ ಹೊರಟ ಚೆಂಡು ರಕ್ಷಣಾ ಸಾಲಿನ ಹಿಂದಕ್ಕೆ ಓಡಿದ್ದ ಸಹಲ್ ಅಬ್ದುಲ್ ಸಮದ್ ಅವರನ್ನು ಸೇರಿತು. ಸಹಲ್ ತಾವೇ ಗೋಲಿಗೆ ಒದೆಯುವ ಆಸೆಯನ್ನು ತಡೆದುಕೊಂಡು ಚೆಂಡನ್ನು ಅಡ್ಡಕ್ಕೆ ದೂಡಿದಾಗ, ಅದು ಬರುವ ಜಾಗಕ್ಕೆ ಮೊದಲೇ ಹೊರಟಿದ್ದ ಲಾಲಿಯನ್‌ಜುವಾಲಾ ಛಾಂಗ್ಟೆ ಅದನ್ನು ಗೋಲಿನೊಳಕ್ಕೆ ಸೇರಿಸಿದರು. ಗೋಲಿನ ಪಟ್ಟಿಯಲ್ಲಿ ಹೆಸರು ಬರೆದುಕೊಂಡವರು ಒಬ್ಬರು, ಗೋಲನ್ನು ಮಾಡಿದವರು ಮೂವರು, ಆ ಮೂವರಿಗೆ ಜಾಗ ಬಿಡಿಸಿಕೊಟ್ಟವರು ಇನ್ನುಳಿದವರು.

ಆ ಬಳಿಕ ಎರಡೂ ಕಡೆ ಗೋಲಾಗದೆ ತೊಂಬತ್ತು ನಿಮಿಷ ಮುಗಿದಾಗ ತಲಾ ಹದಿನೈದು ನಿಮಿಷಗಳ ಎರಡು ಅವಧಿಗಳ ಹೆಚ್ಚುವರಿ ಆಟವನ್ನು ಆಡಿಸಲಾಯಿತು. ಅದೂ ಬರಿದಾದಾಗ ಪೆನಾಲ್ಟಿ ಶೂಟೌಟ್ ಎದುರಾಯಿತು. ಗೋಲಿನ ಗೆರೆಯಿಂದ ಹನ್ನೊಂದು ಮೀಟರ್ ದೂರದ ಚುಕ್ಕೆಯ ಮೇಲೆ ಚೆಂಡನ್ನಿಟ್ಟು ಎರಡೂ ತಂಡಗಳ ಐವರೈವರು ಸರದಿಯಂತೆ ಒದೆಯುವುದು, ಎದುರಿನ ಗೋಲ್‌ಕೀಪರ್ ಒಬ್ಬನೇ ಅದನ್ನು ತಡೆಯುವುದು ಇದರ ಕ್ರಮ. ಐದೈದು ಒದೆತಗಳಲ್ಲಿಯೂ ಸಮವಾದರೆ, ಒಂದೊಂದೇ ಜೋಡಿ ಒದೆತಗಳಲ್ಲಿ ಒಬ್ಬರು ಗೋಲು ಮಾಡಿ ಇನ್ನೊಬ್ಬರು ತಪ್ಪುವ ತನಕ ಅದು ಮುಂದುವರಿಯುತ್ತದೆ, ಅದಕ್ಕೆ ಸಡನ್ ಡೆತ್ ಎಂದು ಹೆಸರು. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಹನ್ನೊಂದು ಮೀಟರ್ ದಾಟಲು ಅರ್ಧ ಸೆಕೆಂಡೂ ಹಿಡಿಯದ ಕಾರಣ, ಚೆಂಡು ಹೊರಟ ಮೇಲೆ ನೋಡಿ ಹಾರುವ ಗೋಲ್‌ಕೀಪರ್‌ಗೆ ಅದು ಸಿಗುವುದಿಲ್ಲ. ಒದೆಯುವವನ ಓಟ, ಸೊಂಟದ ತಿರುವು, ಊರಿದ ಕಾಲಿನ ದಿಕ್ಕು ಇವನ್ನು ಓದಿ ಒದೆತದ ಜೊತೆಜೊತೆಗೇ ಹಾರಬೇಕು. ವರ್ಷಗಟ್ಟಲೆ ಸಾವಿರಾರು ಒದೆತಗಳನ್ನು ಎದುರಿಸಿದ ಕಣ್ಣಿಗೆ ಮಾತ್ರ ಆ ಓದು ಒಲಿಯುತ್ತದೆ.

ಕುವೈತ್‌ನ ಮೊದಲ ಒದೆತ ಗುರಿ ತಪ್ಪಿತು. ಭಾರತದ ಪರ ಛೇತ್ರಿ, ಸಂದೇಶ್ ಝಿಂಗನ್ ಮತ್ತು ಛಾಂಗ್ಟೆ ಗೋಲು ಮಾಡಿ, ನಾಲ್ಕನೆಯವರಾದ ಉದಾಂತ ಸಿಂಗ್ ತಪ್ಪಿ, ಐದನೆಯವರಾದ ಸುಭಾಶಿಷ್ ಬೋಸ್ ಗೋಲು ಮಾಡಿದರು, ಐದೈದು ಒದೆತಗಳು ಮುಗಿದಾಗ ಲೆಕ್ಕ 4–4ಕ್ಕೆ ಬಂದು ನಿಂತಿತು. ಸಡನ್ ಡೆತ್‌ನಲ್ಲಿ ಮಹೇಶ್ ಸಿಂಗ್ ನವೊರೆಂ ಚೆಂಡನ್ನು ಗೋಲಿಗೆ ಸೇರಿಸಿದ ಬೆನ್ನಲ್ಲೇ, ಕುವೈತ್‌ನ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರ್‌ಪ್ರೀತ್ ಹಾರಿ ತಡೆದರು, ಪಂದ್ಯ ಮುಗಿಯಿತು. ಒಬ್ಬರು ತಪ್ಪಿದಾಗ ಉಳಿದವರು ಅದನ್ನು ಹೊತ್ತುಕೊಂಡ ಬಗೆಯೇ ಆ ಶೂಟೌಟಿನ ಸಾರ. ಮೂರು ದಿನಗಳ ಹಿಂದಷ್ಟೇ ಇದೇ ಅಂಗಳದಲ್ಲಿ ಇದೇ ಪರೀಕ್ಷೆಯನ್ನು ದಾಟಿದ್ದವರಿಗೆ ಹನ್ನೊಂದು ಮೀಟರ್ ಚುಕ್ಕೆಯತ್ತ ಸಾಗುವ ಆ ನಡಿಗೆ ಅಪರಿಚಿತವಾಗಿರಲಿಲ್ಲ.

ಆ ಅಂಗಳದ ನೆಲಕ್ಕೂ ತನ್ನದೇ ಆದ ಹಸಿಯಿತ್ತು. ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟವಾಗಿ ಬೇರೂರಿದ ಫುಟ್‌ಬಾಲ್ ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂತಹ ದುಡಿಯುವ ಜನರ ಬಡಾವಣೆಗಳಲ್ಲಿ ಹಬ್ಬಿ, ಬೆಂಗಳೂರನ್ನು ದೇಶದ ಫುಟ್‌ಬಾಲ್ ನೆಲೆಗಳಲ್ಲಿ ಒಂದಾಗಿಸಿತ್ತು. ಸ್ವತಂತ್ರ ಭಾರತ ಆಡಿದ ಮೊದಲ ಒಲಿಂಪಿಕ್ಸ್ ಫುಟ್‌ಬಾಲ್ ಪಂದ್ಯದಲ್ಲಿ, 1948ರ ಜುಲೈ 31ರಂದು ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ, ದೇಶದ ಏಕೈಕ ಗೋಲನ್ನು ಹೊಡೆದವರು ಮೈಸೂರು ತಂಡದ ಎಸ್. ರಾಮನ್, ಬರಿಗಾಲಿನಲ್ಲಿ ಚೆಂಡನ್ನು ಮಾತಾಡಿಸುತ್ತಿದ್ದ ಬೆಂಗಳೂರಿನ ಅಹ್ಮದ್ ಖಾನ್ ಅದೇ ತಂಡದಲ್ಲಿದ್ದರು. ಆ ಪಂದ್ಯದಲ್ಲಿ ದೊರೆತ ಎರಡು ಪೆನಾಲ್ಟಿಗಳೂ ಕೈತಪ್ಪಿ ಭಾರತ 1–2ರಿಂದ ಸೋತಿತ್ತು. ಎಪ್ಪತ್ತೈದು ವರ್ಷಗಳ ನಂತರ ಅದೇ ಹನ್ನೊಂದು ಮೀಟರ್ ಚುಕ್ಕೆ ಬೆಂಗಳೂರಿನಲ್ಲಿ ಗೆಲುವನ್ನು ಕೊಟ್ಟಿತು. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದಿದ್ದ ರಾಜ್ಯ, ಐವತ್ತನಾಲ್ಕು ವರ್ಷ ಕಾದು, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕದ ಹೆಸರಿನಲ್ಲಿ ಮೊದಲ ಸಲ ಪಡೆಯಿತು. ಕಂಠೀರವದ ಫೈನಲ್ ನಡೆದದ್ದು ಸರಿಯಾಗಿ ನಾಲ್ಕು ತಿಂಗಳ ಮೇಲೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕ್ಲಬ್ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿ ದೋಹಾದಲ್ಲಿ ಇರಾಕಿನ ತಂಡಕ್ಕೆ 0–1ರಿಂದ ಸೋತಿತ್ತು. ಛೇತ್ರಿ, ಗುರ್‌ಪ್ರೀತ್, ಉದಾಂತ ಇವರೆಲ್ಲ ಆ ಕ್ಲಬ್ಬಿಗಾಗಿ ಕಂಠೀರವದ ಹುಲ್ಲಿನ ಮೇಲೆ ವರ್ಷಗಟ್ಟಲೆ ಆಡಿದವರು.

ಹಿಂಗಾರಿಯ ನಿಯಮಕ್ಕೆ ಇನ್ನೊಂದು ಮಗ್ಗುಲಿದೆ: ಒಂದು ಬೆಳೆ ಹೀರಿದ ಹಸಿಯನ್ನು ಮತ್ತೆ ತುಂಬದಿದ್ದರೆ ಮುಂದಿನ ಬೆಳೆ ಒಣಗುತ್ತದೆ. ಬೆಂಗಳೂರಿನ ಗೆಲುವಿನ ತಿಂಗಳಲ್ಲಿ ಭಾರತ ಫಿಫಾ ಶ್ರೇಯಾಂಕದಲ್ಲಿ 99ನೇ ಸ್ಥಾನಕ್ಕೇರಿ, ಅದೇ ವರ್ಷದ ನವೆಂಬರ್ 16ರಂದು ಕುವೈತ್ ನಗರದಲ್ಲಿಯೇ ಕುವೈತ್ ತಂಡವನ್ನು 1–0ರಿಂದ ಸೋಲಿಸಿತು. ಆದರೆ 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಮತ್ತು ಸಿರಿಯಾ ವಿರುದ್ಧ ಒಂದೂ ಗೋಲು ಹೊಡೆಯದೆ ಮೂರು ಪಂದ್ಯಗಳನ್ನೂ ಸೋತು, ಆ ವರ್ಷವಿಡೀ ಒಂದೂ ಗೆಲುವು ಕಾಣದೆ, ಶ್ರೇಯಾಂಕದಲ್ಲಿ 120ರ ಆಚೆಗೆ ಜಾರಿತು. ಮೂವತ್ತೆಂಟು ದಾಟಿದ ನಾಯಕನೇ ಅತಿ ಹೆಚ್ಚು ಗೋಲು ಹೊಡೆಯಬೇಕಾಗಿ ಬಂದ ತಂಡದಲ್ಲಿ ಅವನ ಹಿಂದಿನ ಸಾಲು ತುಂಬಿರಲಿಲ್ಲ ಎಂಬ ಸತ್ಯವನ್ನು ಗೆಲುವಿನ ದಿನದ ಸಂಭ್ರಮ ಮರೆಮಾಡಿತ್ತು. ಸೋಲಿನ ವರ್ಷ ಅದನ್ನು ನೋವಿನೊಡನೆ ಬಯಲಿಗೆ ತಂದಿತು.

ಹಸಿಯನ್ನು ಕೂಡಿಡುವ ಬಗೆಯನ್ನು ಕಲಿಯಲು ಸಮಗೋಲು ಹೊಡೆದ ಛಾಂಗ್ಟೆಯವರ ಊರಿನತ್ತ ನೋಡಬಹುದು. ಅವರು ಮಿಜೋರಾಂ ರಾಜ್ಯದ ಲುಂಗ್ಲೈ ಸೀಮೆಯವರು. 2011ರ ಜನಗಣತಿಯಂತೆ ಇಡೀ ಮಿಜೋರಾಂನ ಜನಸಂಖ್ಯೆ 10.97 ಲಕ್ಷ, ವಿಜಯಪುರ ಜಿಲ್ಲೆಯೊಂದರದೇ 21.77 ಲಕ್ಷ. ಜಿಲ್ಲೆಯ ಅರ್ಧದಷ್ಟೇ ಜನರಿರುವ, ಸಮತಟ್ಟು ನೆಲ ಸಿಗುವುದೇ ಕಷ್ಟವಾದ ಆ ಗುಡ್ಡಗಾಡು ರಾಜ್ಯ 2012ರಲ್ಲಿ ತನ್ನದೇ ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭಿಸಿ, 2013–14ರಲ್ಲಿ ಸಂತೋಷ್ ಟ್ರೋಫಿ ಗೆದ್ದು, ಅಲ್ಲಿನ ಐಜಾಲ್ ಎಫ್‌ಸಿ ಕ್ಲಬ್ 2016–17ರಲ್ಲಿ ದೇಶದ ಐ-ಲೀಗ್ ಪ್ರಶಸ್ತಿಯನ್ನೂ ಪಡೆಯಿತು. ಲೀಗ್ ಎಂದರೆ ಗೆಲ್ಲಲಿ ಸೋಲಲಿ, ಎಲ್ಲ ತಂಡಗಳಿಗೂ ತಿಂಗಳುಗಟ್ಟಲೆ ಪಂದ್ಯಗಳು ದೊರೆಯುವ ಏರ್ಪಾಡು. ಒಂದೇ ದಿನದ ಕ್ರೀಡಾಕೂಟದಲ್ಲಿ ಮೊದಲ ಸೋಲಿಗೇ ಹುಡುಗರ ಆ ವರ್ಷದ ಆಟ ಮುಗಿದರೆ, ಲೀಗ್‌ನಲ್ಲಿ ಸೋತ ತಂಡ ಮುಂದಿನ ವಾರ ತಿದ್ದಿಕೊಂಡು ಮರಳುತ್ತದೆ. ಬಿದ್ದ ಮಳೆಯನ್ನು ಹರಿಯಗೊಡದೆ ನಿಲ್ಲಿಸಿ ಇಂಗಿಸುವ ಚೌಕುಮಡಿಯ ಕೆಲಸವನ್ನು ಫುಟ್‌ಬಾಲಿನಲ್ಲಿ ಮಾಡುವುದು ಈ ಲೀಗ್.

ಆಟದ ಬೇರಿಗೆ ಈ ಸೀಮೆ ಬರಡಲ್ಲ. ಕುಸ್ತಿಯ ಗರಡಿ, ಕಬಡ್ಡಿ, ಖೋಖೋ ಇಲ್ಲಿನ ಊರೂರುಗಳಲ್ಲಿವೆ. ಸೈಕ್ಲಿಂಗ್‌ನಲ್ಲಿ ವಿಜಯಪುರ ಜಿಲ್ಲೆ ರಾಷ್ಟ್ರಮಟ್ಟದ ಸವಾರರನ್ನು ಕೊಟ್ಟಿರುವುದು, ಒಂದು ಆಟವನ್ನು ಹಿಡಿದು ವರ್ಷಗಟ್ಟಲೆ ಬಿಡದೆ ಪೋಷಿಸಿದರೆ ಫಲ ಬರುತ್ತದೆಂಬುದಕ್ಕೆ ಇಲ್ಲಿಯದೇ ಸಾಕ್ಷಿ. ಫುಟ್‌ಬಾಲಿಗೆ ಬೇಕಾದ ಸಾಧನ ಸೈಕಲ್ಲಿಗಿಂತ ಅಗ್ಗ: ಒಂದು ಚೆಂಡು, ನಾಲ್ಕು ಗಳು, ಒಂದು ಸೀಟಿ. ಕಠಿಣವಾದದ್ದು ನೆಲ, ಮಳೆಯಲ್ಲಿ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಬಾಯಿಬಿಡುವ ಎರೆಯ ಮೇಲೆ ಮಕ್ಕಳು ಕಾಲು ಉಳುಕಿಸಿಕೊಳ್ಳದೆ ಓಡಬೇಕಾದರೆ ಶಾಲೆಯ ಬಯಲಿಗೆ ಗರಸು ಹಾಕಿ ಹದಗೊಳಿಸಬೇಕು. ಪ್ರತಿ ತಾಲೂಕಿನಲ್ಲಿ ಅಂತಹ ಎಕರೆ ಮೂವತ್ತು ಗುಂಟೆಯ ನಾಲ್ಕಾರು ಅಂಗಳಗಳು, ಆಟದ ನಿಯಮ ಬಲ್ಲ ದೈಹಿಕ ಶಿಕ್ಷಕರು, ಹಿಂಗಾರಿ ರಾಶಿ ಮುಗಿದ ಮೇಲೆ ವಾರವಾರ ಶಾಲೆ ಶಾಲೆಗಳ ನಡುವೆ ನಡೆಯುವ ಚಿಕ್ಕದೊಂದು ಲೀಗ್, ಇಷ್ಟು ದೊರೆತರೆ ಭೀಮೆಯ ದಂಡೆಯ ಹುಡುಗನಿಗೂ ಕೃಷ್ಣೆಯ ದಂಡೆಯ ಹುಡುಗನಿಗೂ ಚೆಂಡಿಲ್ಲದ ಆ ಎಂಬತ್ತಾರು ನಿಮಿಷಗಳ ಆಟವನ್ನು ಕಲಿಯುವ ಅವಕಾಶ ಸಿಗುತ್ತದೆ.

ಚೌಕುಮಡಿಯನ್ನು ಜೋಳ ಬಿತ್ತುವ ದಿನ ಕಟ್ಟಿದರೆ ಪ್ರಯೋಜನವಿಲ್ಲ. ಮೋಡ ಕಟ್ಟುವ ಮೊದಲೇ, ತೆನೆಯ ಕನಸೂ ದೂರವಿರುವಾಗ, ಬಿಸಿಲಿನಲ್ಲಿ ನಿಂತು ಕಟ್ಟಬೇಕು. ಕಂಠೀರವದಲ್ಲಿ ಜುಲೈ 4ರಂದು ಹಾರಿ ಚೆಂಡನ್ನು ತಡೆದ ಕೈಗಳ ಹಿಂದೆಯೂ, ಯಾವ ಫೈನಲ್ ಕೂಡ ಕಣ್ಣಿಗೆ ಕಾಣದ ಕಾಲದಲ್ಲಿ ಯಾವುದೋ ಶಾಲೆಯ ಬಯಲಿನಲ್ಲಿ ಒಬ್ಬ ಹುಡುಗನಿಗೆ ಸಂಜೆ ಸಂಜೆಯೂ ಚೆಂಡು ಒದ್ದುಕೊಟ್ಟವರ ದುಡಿಮೆಯಿದೆ. ಆ ದುಡಿಮೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಯಲುಗಳು ಇಂದು ಕೈಹಚ್ಚಿದರೆ, ಮುಂದೊಂದು ಅಂತಿಮ ಪಂದ್ಯದ ತೆನೆಯಲ್ಲಿ ಈ ಎರೆಯ ಹಸಿಯೂ ಇದ್ದೀತು.